ಎಲೆ ನೋಡಿ ಗಿಡ ತನ್ನಿ: ಹಿತ್ತಲ ರೈಲಿನ ಪಕ್ಕ ಪುಟ್ಟ ಮರಗಳು

ಪ್ರಶ್ನೆ: ನಮ್ಮದು ಕೊಪ್ಪಳ. ಹಿತ್ತಲಲ್ಲಿ 20 ಅಡಿ ಉದ್ದ, 12 ಅಡಿ ಅಗಲದ ಜಾಗದಲ್ಲಿ 45 ಮಿ.ಮೀ. ಹಳಿ ಹಾಕಿ ಪುಟ್ಟ ರೈಲು ಓಡಿಸುತ್ತಿದ್ದೇನೆ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಅವರ ನೆನಪಿಗೆ ಒಂದು ಸಣ್ಣ ಸ್ಟೇಷನ್ ಕೂಡ ಕಟ್ಟಿದ್ದೇನೆ. ಆದರೆ ಗಿಡಗಳೇ ಸರಿಹೋಗುತ್ತಿಲ್ಲ. ದೂರದಿಂದ ತಂದ ಎರಡು ಜುನಿಪರ್ ಬೋನ್ಸಾಯ್ ಬೇಸಿಗೆಯಲ್ಲಿ ಸತ್ತವು. ಬೇವಿನ ಸಸಿ, ಆಲದ ಸಸಿ ನೆಟ್ಟೆ, ಅವು ಮರದಂತೆ ಕಾಣುವುದಿಲ್ಲ, ಬರೀ ಪೊದೆ. ಯಾವ ಗಿಡ ಹಾಕಲಿ? ಮರದ ಆಕಾರ ಬರಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಗ್ಯಾಂಗ್‌ಮನ್ ಅನ್ನುವ ಮಾತು ಓದಿ ಖುಷಿಯಾಯಿತು. ಹಳಿಯ ಪಕ್ಕದ ಮರಗಳನ್ನು ಗ್ಯಾಂಗ್‌ಮನ್‌ಗಳಷ್ಟು ಹತ್ತಿರದಿಂದ ಬೇರೆ ಯಾರೂ ನೋಡಿರುವುದಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದ್ದು ಅವುಗಳ ನೆರಳಲ್ಲೇ ಅಲ್ವಾ? ನಿಮ್ಮ ತಂದೆ ಯಾವ ಮರದ ಕೆಳಗೆ ಕೂರುತ್ತಿದ್ದರು ಅನ್ನುವುದು ನೆನಪಿದ್ದರೆ ಅದನ್ನೇ ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ಉಳಿದದ್ದೆಲ್ಲ ಅದರಿಂದ ಶುರುವಾಗುತ್ತದೆ.

ನಾನು ಬಳ್ಳಾರಿಯಲ್ಲಿ ಹಿತ್ತಲ ರೈಲು ಇಟ್ಟುಕೊಂಡು ಹದಿನಾಲ್ಕು ವರ್ಷ ಆಯಿತು. ಬೋನ್ಸಾಯ್ ಅದಕ್ಕೂ ಮುಂಚಿನಿಂದ ಮಾಡುತ್ತಿದ್ದೇನೆ. ಇಷ್ಟು ದಿನದಲ್ಲಿ ನಾನು ಕಲಿತ ದೊಡ್ಡ ವಿಷಯ ಒಂದೇ. ಗಿಡದ ಎತ್ತರ ನೋಡಿ ಆರಿಸಬೇಡಿ, ಎಲೆ ನೋಡಿ ಆರಿಸಿ. ಎತ್ತರವನ್ನು ಕತ್ತರಿಯಿಂದ ಸರಿ ಮಾಡಬಹುದು, ಕಾಂಡದ ದಪ್ಪವನ್ನು ಕಾದು ಪಡೆಯಬಹುದು, ಆದರೆ ಎಲೆ ದೊಡ್ಡದಿದ್ದರೆ ನೀವು ಏನೇ ಮಾಡಿದರೂ ಅದು ರೈಲಿನ ಪಕ್ಕ ನೆಟ್ಟ ಸಸಿಯಂತೆಯೇ ಕಾಣುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. 45 ಮಿ.ಮೀ. ಹಳಿಯ ತೋಟದ ರೈಲುಗಳನ್ನು ಜನಪ್ರಿಯ ಮಾಡಿದ್ದು ಜರ್ಮನಿಯ ಎಲ್‌ಜಿಬಿ ಕಂಪನಿ, 1968ರಲ್ಲಿ. ಅವರು ಹಿಡಿದ ಅಳತೆ 1:22.5, ಅಂದರೆ ನಿಜವಾದದ್ದರ 22.5ರಲ್ಲಿ ಒಂದು ಪಾಲು. ಒಂದು ಮೀಟರ್ ಅಗಲದ ಹಳಿಯನ್ನು 22.5ರಿಂದ ಭಾಗಿಸಿದರೆ ಸುಮಾರು 45 ಮಿ.ಮೀ. ಬರುತ್ತದೆ. ಅಂದರೆ ನಿಮ್ಮ ಹಿತ್ತಲಲ್ಲಿ ಓಡುತ್ತಿರುವುದು ಲೆಕ್ಕದ ಪ್ರಕಾರ ಮೀಟರ್ ಗೇಜ್ ರೈಲು. ಇದು ನಮ್ಮ ಕಡೆಗೆ ತುಂಬಾ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಗುಂತಕಲ್‌ನಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿಗೆ ಹೋಗುವ ನಮ್ಮ ಲೈನು 1990ರ ದಶಕದಲ್ಲಿ ಬ್ರಾಡ್ ಗೇಜ್ ಆಗುವ ತನಕ ಮೀಟರ್ ಗೇಜೇ ಆಗಿತ್ತು. ನಿಮ್ಮ ತಂದೆ ಸುತ್ತಿಗೆ ಹಿಡಿದು ನಡೆದ ಹಳಿ ಬಹುಶಃ ಇದೇ ಇರಬೇಕು.

ಈ ಅಳತೆಯಲ್ಲಿ ನಿಜವಾದ ಒಂದು ಅಡಿ ಅಂದರೆ 13.5 ಮಿ.ಮೀ. ಐದೂವರೆ ಅಡಿ ಮನುಷ್ಯ ಏಳೂವರೆ ಸೆಂ.ಮೀ. ಗೊಂಬೆ ಆಗುತ್ತಾನೆ. 40 ಅಡಿಯ ಬೇವಿನ ಮರ 54 ಸೆಂ.ಮೀ., 20 ಅಡಿಯ ಜಾಲಿ ಮರ 27 ಸೆಂ.ಮೀ. ಇಷ್ಟು ಎತ್ತರದ ಗಿಡ ಇಟ್ಟುಕೊಳ್ಳುವುದು ಕಷ್ಟವೇ ಅಲ್ಲ. ಈಗ ಎಲೆಗೆ ಬನ್ನಿ. ಬೇವಿನ ಎಲೆಕಡ್ಡಿಯ ಒಂದು ಎಸಳು ಆರು ಸೆಂ.ಮೀ. ಇದ್ದರೆ, ಪುಟ್ಟ ರೈಲಿನೊಳಗೆ ಕೂತ ಪ್ರಯಾಣಿಕನ ಕಣ್ಣಿಗೆ ಅದು ನಾಲ್ಕು ಅಡಿಗೂ ಜಾಸ್ತಿ ಉದ್ದದ ಎಲೆ! ಆಲದ ಎಲೆ 15 ಸೆಂ.ಮೀ. ಇದ್ದರೆ ಅದು 11 ಅಡಿ, ಹತ್ತಿರ ಹತ್ತಿರ ಬೋಗಿಯಷ್ಟೇ ಎತ್ತರ. ನಿಮ್ಮ ಸಸಿಗಳು ಪೊದೆಯಂತೆ ಕಾಣಲು ಕಾರಣ ಇಷ್ಟೇ. ನೀವು ಬೆಳೆಸಿದ್ದರಲ್ಲಿ ತಪ್ಪಿಲ್ಲ, ಆ ಜಾತಿಗಳು ಈ ಕೆಲಸಕ್ಕೆ ಬರುವುದಿಲ್ಲ. ಬೋನ್ಸಾಯ್ ಮಾಡಿದರೆ ಎಲೆ ಸಣ್ಣದಾಗುತ್ತದೆ ಅನ್ನುವುದು ನಿಜ, ಆದರೆ ಆಲದ ಎಲೆ ಅರ್ಧಕ್ಕೆ ಇಳಿದರೂ ನಮಗೆ ದೊಡ್ಡದೇ. ಒಂದು ಸೆಂ.ಮೀ. ಒಳಗಿನ ಎಲೆ ಹುಡುಕಿ. ಅರ್ಧ ಸೆಂ.ಮೀ. ಸಿಕ್ಕರೆ ಇನ್ನೂ ಒಳ್ಳೆಯದು.

ಜುನಿಪರ್ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ತೋಟದ ರೈಲಿನ ಬಗ್ಗೆ ಬಂದಿರುವ ವಿದೇಶಿ ಪುಸ್ತಕಗಳಲ್ಲಿ ಜುನಿಪರ್, ಕುಳ್ಳ ಸ್ಪ್ರೂಸ್, ಬಾಕ್ಸ್‌ವುಡ್, ಥೈಮ್ ಇವೇ ತುಂಬಿರುತ್ತವೆ. ಅವೆಲ್ಲ ಚಳಿ ದೇಶದ ಗಿಡಗಳು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ರಾತ್ರಿಯೂ ನೆಲ ತಣ್ಣಗಾಗುವುದಿಲ್ಲ. ಇನ್ನೊಂದು ಮಾತು, ಜುನಿಪರ್ ಸತ್ತ ಮೇಲೂ ಎಷ್ಟೋ ವಾರ ಹಸಿರಾಗಿಯೇ ಇರುತ್ತದೆ. ಹಾಗಾಗಿ ನಿಮ್ಮವು ಬೇಸಿಗೆಯಲ್ಲಿ ಒಣಗಿದ್ದು ಕಂಡರೂ ಅದಕ್ಕೂ ಮುಂಚೆಯೇ ಹೋಗಿರಬಹುದು. ಮತ್ತೆ ದುಡ್ಡು ಹಾಕಬೇಡಿ.

ಹಾಗಾದರೆ ಏನು ತರಬೇಕು? ನನ್ನನ್ನು ಕೇಳಿದರೆ ಮೊದಲ ಗಿಡ ಜೇಡ್. ನರ್ಸರಿಯಲ್ಲಿ ಎರಡು ಬೇರೆ ಗಿಡಗಳನ್ನು ಇದೇ ಹೆಸರಲ್ಲಿ ಮಾರುತ್ತಾರೆ, ಎಚ್ಚರ. ಒಂದು ದಪ್ಪ, ಉದ್ದ ಎಲೆಯದ್ದು, ಹೆಬ್ಬೆರಳಿನಷ್ಟು ಎಲೆ, ಅದು ಕ್ರಾಸುಲಾ. ಅದು ಬೇಡ. ಇನ್ನೊಂದರ ಕಡ್ಡಿ ಕೆಂಪು ಛಾಯೆಯದ್ದು, ಎಲೆ ದುಂಡಗೆ, ಒಂದು ಸೆಂ.ಮೀ. ಸುತ್ತಮುತ್ತ. ಅದು ಪೋರ್ಚುಲಕೇರಿಯಾ, ಆಫ್ರಿಕಾದ ದಕ್ಷಿಣ ಭಾಗದ ಒಣ ನಾಡಿನ ಗಿಡ. ಅಲ್ಲಿ ಆನೆಗಳಿಗೆ ಇದು ಮೇವು. ನಮ್ಮ ಬಿಸಿಲು ಅದಕ್ಕೆ ಹೊಸದೇನಲ್ಲ. ಎಲೆ, ಕಾಂಡದಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ನೀವು ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೂ ಸಾಯುವುದಿಲ್ಲ. ಸಾಯುವುದು ಜಾಸ್ತಿ ನೀರಿಗೆ ಮಾತ್ರ.

ಎರಡನೆಯದು ಹುಣಸೆ. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ನಮ್ಮ ನೆಲಕ್ಕೆ ಚೆನ್ನಾಗಿ ಒಗ್ಗಿದ ಮರ, ರಸ್ತೆಯ ಎರಡೂ ಕಡೆ ಇದೆ, ಬೀಜ ಅಡುಗೆಮನೆಯಲ್ಲೇ ಸಿಗುತ್ತದೆ. ಅದರ ಎಲೆ ಒಂದು ಕಡ್ಡಿಯ ಎರಡೂ ಬದಿ ಸಾಲಾಗಿ ಕೂತ ಸಣ್ಣ ಎಸಳುಗಳು. ಕುಂಡದಲ್ಲಿ ಬೆಳೆದಾಗ ಆ ಎಸಳು ಇನ್ನೂ ಸಣ್ಣದಾಗುತ್ತದೆ. ಎರಡು ಮಾರು ದೂರದಿಂದ ನೋಡಿದರೆ ಆ ಇಡೀ ಎಲೆ ಒಂದು ಸಣ್ಣ ರೆಂಬೆಯಂತೆ, ಎಸಳುಗಳೇ ಅದರ ಎಲೆಗಳಂತೆ ಕಾಣುತ್ತವೆ. ಕಣ್ಣು ಸುಲಭವಾಗಿ ನಂಬುತ್ತದೆ. ಸಂಜೆ ಆದ ಮೇಲೆ ಎಸಳು ಮಡಚಿಕೊಳ್ಳುತ್ತವೆ. ಸ್ಟೇಷನ್ ದೀಪ ಹಚ್ಚಿ ಕಡೇ ಗಾಡಿ ಬಿಡುವ ಹೊತ್ತಿಗೆ ಹುಣಸೆ ಮರ ಮಲಗಿರುತ್ತದೆ. ಅದನ್ನು ನೋಡುವ ಸುಖವೇ ಬೇರೆ.

ಬನ್ನಿ ಕೂಡ ಒಳ್ಳೆಯದು, ಎಸಳು ಬಹಳ ಸಣ್ಣದು. ದಸರೆಯಲ್ಲಿ ಬನ್ನಿ ಕೊಟ್ಟು ಬಂಗಾರ ಅನ್ನುವ ನಮ್ಮ ಊರುಗಳಲ್ಲಿ ಪುಟ್ಟ ಊರಿನ ಅಂಚಿಗೂ ಒಂದು ಬನ್ನಿ ಗಿಡ ಬೇಕೇ ಬೇಕು. ಆದರೆ ತಾಯಿ ಬೇರು ನೇರ ಕೆಳಗೆ ಓಡುವ ಗಿಡ ಇದು. ಸಸಿ ಒಂದು ಗೇಣು ಇರುವಾಗಲೇ ತಾಯಿ ಬೇರು ಮೊಟಕು ಮಾಡದಿದ್ದರೆ ಮುಂದೆ ಕುಂಡದಲ್ಲಿ ನಿಲ್ಲಿಸುವುದು ಕಷ್ಟ. ತೆಳು ಎಲೆಯ ಹಸಿರು ಗುಂಪು ಬೇಕಿದ್ದರೆ ಕಾರ್ಮೋನಾ ತನ್ನಿ, ಫುಕಿಯನ್ ಟೀ ಅಂತಲೂ ಕರೆಯುತ್ತಾರೆ. ಬೇವಿನ ಗುಂಡು ನೆರಳಿನ ಆಕಾರ ಇದರಲ್ಲಿ ಚೆನ್ನಾಗಿ ಬರುತ್ತದೆ. ಇದಕ್ಕೆ ಮಾತ್ರ ಮಧ್ಯಾಹ್ನದ ಮೇಲೆ ಸ್ವಲ್ಪ ನೆರಳು, ದಿನಾ ನೀರು ಬೇಕು. ಮಾಲ್ಪಿಘಿಯಾ ಅನ್ನುವ, ಅಂಚಿನಲ್ಲಿ ಮುಳ್ಳಿರುವ ಪುಟ್ಟ ಎಲೆಯ ಗಿಡವೂ ಇದೇ ಗುಂಪಿನದ್ದು. ಸರ್ವೆ ಗಿಡವನ್ನು ಹಲವರು ಮರೆಯುತ್ತಾರೆ. ಹಳೆಯ ಕ್ವಾರ್ಟರ್ಸ್ ಮುಂದೆ ಸಾಲಾಗಿ ಇರುತ್ತಿದ್ದ ಸರ್ವೆ ಬೇಕಿದ್ದರೆ ಅದನ್ನೇ ಕುಂಡದಲ್ಲಿ ಬೆಳೆಸಿ, ತಿಂಗಳಿಗೊಮ್ಮೆ ತುದಿ ಕತ್ತರಿಸುತ್ತಾ ಇದ್ದರೆ ದಟ್ಟವಾಗುತ್ತದೆ.

ದಾಳಿಂಬೆಯ ಕುಳ್ಳ ಜಾತಿಯನ್ನು ಕೊಪ್ಪಳದವರು ಕೇಳಿಯೇ ಕೇಳುತ್ತೀರಿ. ಎಲೆ ಪರವಾಗಿಲ್ಲ, ಕಾಂಡ ಬೇಗ ಹಳೆಯದಾದಂತೆ ಕಾಣುತ್ತದೆ. ಕಾಯಿ ಮಾತ್ರ ಬಿಡಬೇಡಿ. ಮೂರು ಸೆಂ.ಮೀ. ಕಾಯಿ ಅಂದರೆ ನಿಮ್ಮ ಗೊಂಬೆಗಳ ಪಾಲಿಗೆ ಎರಡು ಅಡಿ ಅಗಲದ ಹಣ್ಣು.

ಇನ್ನು ಬಳ್ಳಾರಿ ಜಾಲಿ. ನಮ್ಮ ಊರಿನ ಹೆಸರನ್ನೇ ಹೊತ್ತಿದ್ದರೂ ಅದು ಅಮೆರಿಕ ಖಂಡದಿಂದ ಬಂದದ್ದು. ಈ ಭಾಗದ ಹಳಿ ಪಕ್ಕದ ನೋಟ ನಿಜವಾಗಿ ಬರಬೇಕು ಅಂದರೆ ಅದಿಲ್ಲದೆ ಆಗುವುದಿಲ್ಲ, ಕಿಟಕಿಯಿಂದ ನೋಡಿದಷ್ಟು ದೂರ ಅದೇ ಇರುತ್ತದೆ. ನಾನು ಒಂದೇ ಒಂದು ಇಟ್ಟಿದ್ದೇನೆ, ಅದೂ ಕುಂಡದಲ್ಲಿ. ಹೆಬ್ಬೆರಳು ದಪ್ಪದ ಮೋಟನ್ನು ಬೇರು ಸಮೇತ ತಂದು ಮಳೆಗಾಲದಲ್ಲಿ ಇಟ್ಟರೆ ಚಿಗುರುತ್ತದೆ. ಕಾಯಿ ಕಂಡ ಕೂಡಲೇ ಕಿತ್ತು ಹಾಕಿ. ಆಡು, ದನ ಅದರ ಕಾಯಿ ತಿಂದು ಬೀಜ ಎಲ್ಲೆಲ್ಲೋ ಹರಡಿಯೇ ಇಷ್ಟು ನೆಲ ಅದರ ಪಾಲಾಗಿದೆ. ನೆಲಕ್ಕೆ ಮಾತ್ರ ಖಂಡಿತ ನೆಡಬೇಡಿ.

ನರ್ಸರಿಗಳಲ್ಲಿ ಬೋನ್ಸಾಯ್ ಅಂತ ಮಾರುವ, ಗೆಣಸಿನಂತೆ ಉಬ್ಬಿದ ಬೇರಿನ ಫೈಕಸ್ (ಆಲದ ಬಳಗದ ಗಿಡ) ತರಬೇಡಿ. ಯಾವ ಮರವೂ ಹಾಗಿರುವುದಿಲ್ಲ. ಸಣ್ಣ ಎಲೆಯ ಸಾದಾ ಫೈಕಸ್ ಆದರೆ ಒಂದು ಇರಲಿ, ಕಟ್ಟೆಗೆ. ಅದನ್ನು ಮುಂದೆ ಹೇಳುತ್ತೇನೆ.

ಈಗ ನೆಡುವ ವಿಷಯ. ನಾನು ಶುರುವಿನಲ್ಲಿ ಒಂದು ಫೈಕಸ್‌ ಅನ್ನು ಹಳಿಯಿಂದ ಒಂದು ಗೇಣು ದೂರದಲ್ಲಿ ನೇರ ನೆಲಕ್ಕೆ ನೆಟ್ಟೆ. ಬಹಳ ಚೆನ್ನಾಗಿ ಬಂತು. ಎರಡನೇ ಮಳೆಗಾಲ ಮುಗಿದ ಮೇಲೆ ಎಂಜಿನ್ ಆ ಜಾಗದಲ್ಲಿ ಒಂದು ಕಡೆಗೆ ವಾಲಲು ಶುರು ಮಾಡಿತು. ಹಳಿಯ ಕೆಳಗಿನ ಕಡಿ (ಜಲ್ಲಿ ಕಲ್ಲು) ಸರಿಸಿ ನೋಡಿದರೆ ಕಿರುಬೆರಳು ದಪ್ಪದ ಬೇರು ಹಳಿಯ ಅಡಿಯಲ್ಲೇ ಹಾದುಹೋಗಿ ಒಂದು ಪಕ್ಕವನ್ನು ಎತ್ತಿ ಹಿಡಿದಿತ್ತು. ಮರ ತೆಗೆಯಬೇಕಾಯಿತು, ನಾಲ್ಕು ಅಡಿ ಹಳಿಯನ್ನು ಮತ್ತೆ ಹಾಕಬೇಕಾಯಿತು. ಅವತ್ತಿನಿಂದ ನನ್ನ ಹಿತ್ತಲಲ್ಲಿ ಎಲ್ಲ ಮರವೂ ಕುಂಡದಲ್ಲಿ, ಕುಂಡ ನೆಲದಲ್ಲಿ.

ಕುಂಡ ಹೂಳುವುದು ಹೀಗೆ. ಆರೆಂಟು ಇಂಚು ಅಗಲದ ಮಣ್ಣಿನ ಕುಂಡ ತಗೊಳ್ಳಿ. ಕಪ್ಪು ಪ್ಲಾಸ್ಟಿಕ್ ಬೇಡ, ಬಿಸಿಲಿಗೆ ಒಳಗಿನ ಬೇರು ಬೆಂದು ಹೋಗುತ್ತದೆ. ಕುಂಡಕ್ಕಿಂತ ಎರಡು ಇಂಚು ಜಾಸ್ತಿ ಗುಂಡಿ ತೋಡಿ, ತಳಕ್ಕೆ ಕಡಿ ಹಾಕಿ, ಕುಂಡದ ಅಂಚು ನೆಲದ ಮಟ್ಟಕ್ಕೆ ಬರುವ ಹಾಗೆ ಇಡಿ. ಸುತ್ತ ಮರಳು ತುಂಬಿ. ಬೇರು ತಂಪಾಗಿರುತ್ತದೆ, ನೀರು ಬೇಗ ಆರುವುದಿಲ್ಲ, ಹಳಿಗೂ ತೊಂದರೆ ಇಲ್ಲ. ಎರಡು ಮೂರು ತಿಂಗಳಿಗೊಮ್ಮೆ ಕುಂಡ ಹಿಡಿದು ಅರ್ಧ ಸುತ್ತು ತಿರುಗಿಸಿ. ತಳದ ತೂತಿನಿಂದ ಹೊರಬಂದ ಬೇರು ಆಗಲೇ ಹರಿದುಹೋಗುತ್ತದೆ, ಜೊತೆಗೆ ಮರದ ನಾಲ್ಕೂ ಕಡೆಗೆ ಬಿಸಿಲು ಬೀಳುತ್ತದೆ.

ಕುಂಡದ ಮಣ್ಣಿನಲ್ಲಿ ಎರೆ, ಅಂದರೆ ಕಪ್ಪು ಮಣ್ಣು, ಬೇಡವೇ ಬೇಡ. ಹತ್ತಿ, ಜೋಳಕ್ಕೆ ಅದರಷ್ಟು ಒಳ್ಳೆಯ ಮಣ್ಣಿಲ್ಲ, ಕುಂಡಕ್ಕೆ ಅದರಷ್ಟು ಕೆಟ್ಟದ್ದೂ ಇಲ್ಲ. ನೆನೆದರೆ ಅಂಟು, ಒಣಗಿದರೆ ಬಿರುಕು, ಸಣ್ಣ ಬೇರುಗಳನ್ನೆಲ್ಲ ಹರಿಯುತ್ತದೆ. (ನಿಮ್ಮ ಹಿತ್ತಲೇ ಎರೆ ನೆಲ ಆಗಿದ್ದರೆ ಹಳಿಯ ಕೆಳಗೂ ಅರ್ಧ ಅಡಿ ತೆಗೆದು ಗರಸು ತುಂಬಿ, ಇಲ್ಲದಿದ್ದರೆ ಪ್ರತಿ ಬೇಸಿಗೆಗೂ ಹಳಿ ಅಲೆಯಾಗುತ್ತದೆ.) ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಇಟ್ಟಿಗೆ ಚೂರು ಇಲ್ಲವೇ ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಜೇಡ್‌ಗೆ ಗೊಬ್ಬರ ಇನ್ನೂ ಕಡಿಮೆ, ಮರಳು ಜಾಸ್ತಿ.

ಆಕಾರಕ್ಕೆ ಬರೋಣ. ಕತ್ತರಿ ಹಿಡಿಯುವ ಮುಂಚೆ ಒಂದು ದಿನ ಗಿಣಿಗೇರಾ ಕಡೆಗೋ ಭಾನಾಪುರದ ಕಡೆಗೋ ಹೋಗಿ ಸುಮ್ನೆ ಮರ ನೋಡಿ ಬನ್ನಿ. ಮರದಿಂದ ದೂರ ನಿಂತು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ, ಆಕಾಶದ ಎದುರು ಕಪ್ಪಾಗಿ ಕಾಣುವ ಹಾಗೆ. ಬೋನ್ಸಾಯ್ ಪುಸ್ತಕದ ಚಿತ್ರಗಳೆಲ್ಲ ಬೆಟ್ಟದ ಪೈನ್ ಮರದ ಆಕಾರ, ಕೆಳಗೆ ಅಗಲ, ಮೇಲೆ ಚೂಪು, ಟೊಂಗೆ ಕೆಳಗೆ ಬಾಗಿರುತ್ತದೆ. ನಮ್ಮ ಬಯಲಿನಲ್ಲಿ ಹಾಗೆ ಯಾವ ಮರ ಇದೆ? ಹುಣಸೆಯ ಮೈ ದೊಡ್ಡ ಗುಮ್ಮಟ. ಬೇವು ಮೂರ್ನಾಲ್ಕು ಗುಂಡು ಗುಂಪುಗಳು ಒಂದರ ಮೇಲೊಂದು ಕೂತ ಹಾಗೆ. ಜಾಲಿ ತಲೆ ಚಪ್ಪಟೆ, ಕೊಡೆಯಂತೆ. ಆಡು ನಿಂತು ಮುಟ್ಟುವಷ್ಟು ಎತ್ತರಕ್ಕೆ ಎಲ್ಲ ಮರದ ಕೆಳಭಾಗ ಬೋಳು. ಇದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಗಮನಿಸಿದ ಮೇಲೆ ನನ್ನ ಗಿಡಗಳ ಕೆಳಗಿನ ಏಳೆಂಟು ಸೆಂ.ಮೀ. ಟೊಂಗೆಗಳನ್ನೆಲ್ಲ ತೆಗೆದೆ. ಅವತ್ತೇ ಪೊದೆಗಳು ಮರಗಳಾದವು. ನಿಮ್ಮ ಹಿತ್ತಲಲ್ಲಿ ಇವತ್ತೇ ಮಾಡಬಹುದಾದ ಕೆಲಸ ಇದೊಂದೇ, ಖರ್ಚೂ ಇಲ್ಲ.

ಜೇಡ್ ಅನ್ನು ಹೇಗೆ ತಿದ್ದುವುದು ಅಂತ ಹತ್ತಿರದಿಂದ ಹೇಳುತ್ತೇನೆ, ಯಾಕೆಂದರೆ ಕೈ ಪಳಗುವುದು ಇದರಲ್ಲೇ. ಹೆಬ್ಬೆರಳಲ್ಲದಿದ್ದರೂ ಕಿರುಬೆರಳು ದಪ್ಪದ ಕಡ್ಡಿ ಮುರಿದು ತನ್ನಿ. ನೆಡಬೇಡಿ. ನೆರಳಲ್ಲಿ ನಾಲ್ಕೈದು ದಿನ ಹಾಗೇ ಬಿಡಿ, ಮುರಿದ ಬಾಯಿ ಒಣಗಿ ಗಟ್ಟಿಯಾಗಬೇಕು. ಆಮೇಲೆ ಒಣ ಮಣ್ಣಿನಲ್ಲಿ ಊರಿ, ಒಂದು ವಾರ ನೀರು ಹಾಕದೆ ಬಿಡಿ. ಇಲ್ಲೇ ಬಹಳ ಜನ ತಪ್ಪು ಮಾಡುತ್ತಾರೆ. ನಾನು ಕೊಂಡ ಮೊದಲ ಜೇಡ್‌ಗೆ ದಿನಾ ಎರಡು ಹೊತ್ತು ನೀರು ಹಾಕಿ ಅಂತ ಮಾರಿದವರೇ ಹೇಳಿದ್ದರು, ಹದಿನೈದು ದಿನಕ್ಕೆ ಬುಡ ಕೊಳೆತು ಬಿದ್ದಿತು.

ಬೇರು ಹಿಡಿದು ಹೊಸ ಚಿಗುರು ಓಡಲು ಶುರುವಾದ ಮೇಲೆ ಕಡ್ಡಿಯನ್ನು ಗಮನಿಸಿ. ಎಲೆಗಳು ಎದುರು ಬದುರು, ಜೋಡಿ ಜೋಡಿ. ಒಂದು ಜೋಡಿ ಪೂರ್ವ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಅದರ ಮೇಲಿನ ಜೋಡಿ ಉತ್ತರ ದಕ್ಷಿಣಕ್ಕೆ. ನೀವು ಒಂದು ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿದರೆ ಆ ಎರಡೂ ಎಲೆಯ ಕಂಕುಳಿಂದ ಎರಡು ಚಿಗುರು ಬರುತ್ತವೆ. ಅಂದರೆ ಟೊಂಗೆ ಯಾವ ಕಡೆಗೆ ಹೊರಡಬೇಕು ಅನ್ನುವುದು ಕತ್ತರಿಸುವ ಜಾಗ ಆರಿಸುವಾಗಲೇ ತೀರ್ಮಾನವಾಗುತ್ತದೆ. ಅಡ್ಡಕ್ಕೆ ಹೋಗಬೇಕೇ, ಅಡ್ಡ ಜೋಡಿಯ ಮೇಲೆ ಕತ್ತರಿಸಿ. ಆ ಚಿಗುರು ಮೂರು ಜೋಡಿ ಎಲೆ ಬಿಟ್ಟಾಗ ಮತ್ತೆ ಒಂದು ಜೋಡಿ ಉಳಿಸಿ ಕತ್ತರಿಸಿ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಬಂದದ್ದನ್ನು ಚಿಗುರಿದ್ದಾಗಲೇ ಉಗುರಲ್ಲಿ ಚಿವುಟಿ. ಹೀಗೆ ಎರಡು ಮಳೆಗಾಲ ಕಳೆದರೆ ತಲೆ ತುಂಬಿದ ಮರ ಸಿಗುತ್ತದೆ. ತಂತಿಯೇ ಬೇಡ. ಅದರ ತೊಗಟೆ ಮೆತ್ತಗೆ, ತಂತಿ ಕಚ್ಚಿದ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಕತ್ತರಿಸಿದ ತುಂಡುಗಳನ್ನು ಎಸೆಯಬೇಡಿ, ಪ್ರತಿಯೊಂದೂ ಇನ್ನೊಂದು ಮರ. ನನ್ನ ಹಿತ್ತಲ 31 ಜೇಡ್ ಮರಗಳು ಎರಡು ಗಿಡದಿಂದ ಬಂದವು.

ಹುಣಸೆಗೆ ಬೇರೆ ದಾರಿ. ಬೀಜ ಒಂದು ರಾತ್ರಿ ನೆನೆಸಿ ಊರಿ, ಇಲ್ಲವೇ ದೊಡ್ಡ ಮರದ ಕೆಳಗೆ ತಾನೇ ಹುಟ್ಟಿದ ಸಸಿ ಮಳೆಗಾಲದಲ್ಲಿ ಕಿತ್ತು ತನ್ನಿ. ತಾಯಿ ಬೇರನ್ನು ಎರಡು ಇಂಚು ಉಳಿಸಿ ಕತ್ತರಿಸಿ, ಆಗ ಪಕ್ಕದ ಬೇರು ಬರುತ್ತವೆ. ಆ ಬೇರುಗಳೇ ಮುಂದೆ ಬುಡದಲ್ಲಿ ಹರಡಿ ಮರಕ್ಕೆ ವಯಸ್ಸು ಕೊಡುವುದು. ಕಾಂಡ ದಪ್ಪ ಆಗಬೇಕಾದರೆ ಮೊದಲೆರಡು ವರ್ಷ ದೊಡ್ಡ ಕುಂಡದಲ್ಲಿ, ರೈಲಿನಿಂದ ದೂರ, ಮಾಳಿಗೆ ಮೇಲೋ ಕಾಂಪೌಂಡ್ ಪಕ್ಕವೋ ಮನಸ್ಸು ಬಂದ ಹಾಗೆ ಬೆಳೆಯಲು ಬಿಡಿ. ಮೂರು ನಾಲ್ಕು ಅಡಿ ಹೋದರೂ ಪರವಾಗಿಲ್ಲ. ಎಲೆ ಜಾಸ್ತಿ ಇದ್ದಷ್ಟೂ ಬುಡ ದಪ್ಪ. ಸಣ್ಣ ಕುಂಡಕ್ಕೆ ಬೇಗ ಹಾಕಿದರೆ ಪೆನ್ಸಿಲ್ ದಪ್ಪದ ಕಾಂಡ ಹತ್ತು ವರ್ಷ ಆದರೂ ಪೆನ್ಸಿಲ್ ದಪ್ಪವೇ ಇರುತ್ತದೆ. ಬುಡ ಹೆಬ್ಬೆರಳು ದಪ್ಪ ಆದ ಮೇಲೆ, ಜೂನ್‌ನಲ್ಲಿ ಮಳೆ ಹಿಡಿದಾಗ, ನಾಲ್ಕೈದು ಇಂಚು ಎತ್ತರಕ್ಕೆ ಒಂದೇ ಸಲ ಕತ್ತರಿಸಿ. ಧೈರ್ಯ ಬೇಕು, ಆದರೆ ಗಿಡ ಗಟ್ಟಿಯಾಗಿದ್ದರೆ ಚಿಗುರಿಯೇ ಚಿಗುರುತ್ತದೆ. ಬಂದ ಚಿಗುರಿನಲ್ಲಿ ನಾಲ್ಕೈದು ಉಳಿಸಿ, ಬೇರೆ ಬೇರೆ ದಿಕ್ಕಿನವು, ಬೇರೆ ಬೇರೆ ಎತ್ತರದವು.

ತಂತಿ ಸುತ್ತುವುದು ಈ ಚಿಗುರುಗಳಿಗೆ, ಅವು ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತಿರುವಾಗ. ಬಲಿತ ಹುಣಸೆ ಟೊಂಗೆ ಬಗ್ಗುವುದಿಲ್ಲ, ಪಟ್ ಅಂತ ಮುರಿಯುತ್ತದೆ. ಅಲ್ಯೂಮಿನಿಯಂ ತಂತಿ ಒಳ್ಳೆಯದು. ಟೊಂಗೆಯ ದಪ್ಪದ ಮೂರನೇ ಒಂದು ಭಾಗದಷ್ಟು ದಪ್ಪ ಇದ್ದರೆ ಸಾಕು. ಕಾಂಡಕ್ಕೆ ಎರಡು ಸುತ್ತು ಹಾಕಿ ಆಧಾರ ಮಾಡಿಕೊಂಡು ಟೊಂಗೆಗೆ ಓರೆಯಾಗಿ ಸುತ್ತುತ್ತಾ ಹೋಗಿ, ಎರಡೂ ಹೆಬ್ಬೆರಳು ಟೊಂಗೆಯ ಒಳಬದಿಗೆ ಕೊಟ್ಟು ನಿಧಾನ ಬಗ್ಗಿಸಿ. ಸಣ್ಣಗೆ ಚರ್ ಅನ್ನುವ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಬೇಕು, ಮೂರ್ನಾಲ್ಕು ವಾರಕ್ಕೇ ತಂತಿ ತೊಗಟೆಗೆ ಕಚ್ಚಲು ಶುರುವಾಗುತ್ತದೆ. ತೆಗೆಯುವಾಗ ಬಿಚ್ಚಬೇಡಿ, ತುಂಡು ತುಂಡು ಕತ್ತರಿಸಿ ತೆಗೆಯಿರಿ. ಎರಡು ರೂಪಾಯಿ ತಂತಿ ಉಳಿಸಲು ಹೋಗಿ ಟೊಂಗೆ ಮುರಿದವರನ್ನು ಬಹಳ ಕಂಡಿದ್ದೇನೆ.

ಗಾಡಿಗೆ ಜಾಗ ಬಿಡುವುದನ್ನು ಮರೆಯಬೇಡಿ. ನಿಮ್ಮ ಅತಿ ಅಗಲದ ಬೋಗಿಗಿಂತ ಎರಡೂ ಕಡೆ ಮೂರು ಸೆಂ.ಮೀ., ಎತ್ತರಕ್ಕೆ ನಾಲ್ಕು ಸೆಂ.ಮೀ. ಜಾಸ್ತಿ ಇರುವ ಹಾಗೆ ದಪ್ಪ ರಟ್ಟಿನಲ್ಲಿ ಒಂದು ಚೌಕಟ್ಟು ಕತ್ತರಿಸಿ ಖಾಲಿ ವ್ಯಾಗನ್ ಮೇಲೆ ನಿಲ್ಲಿಸಿ. ತಿಂಗಳಿಗೊಮ್ಮೆ ಅದನ್ನು ಕೈಯಿಂದ ಸುತ್ತ ತಳ್ಳಿಕೊಂಡು ಬನ್ನಿ. ತಾಗಿದ ರೆಂಬೆ ಕತ್ತರಿಸಿ. ತಿರುವುಗಳಲ್ಲಿ ಉದ್ದ ಬೋಗಿಯ ಮಧ್ಯಭಾಗ ಒಳಕ್ಕೆ ಸರಿಯುತ್ತದೆ, ಅಲ್ಲಿ ಇನ್ನೂ ಎರಡು ಸೆಂ.ಮೀ. ಬಿಡಿ.

ಕುಂಡದ ಅಂಚು ಕಾಣುತ್ತದಲ್ಲ, ಏನು ಮಾಡುವುದು ಅಂತ ಕೇಳುತ್ತೀರಿ. ನಮ್ಮ ಊರುಗಳಲ್ಲಿ ಇದಕ್ಕೆ ಉತ್ತರ ಮೊದಲೇ ಇದೆ, ಕಟ್ಟೆ! ಸ್ಟೇಷನ್ ಮುಂದಿನ ಫೈಕಸ್ ಕುಂಡವನ್ನು ಎರಡು ಸೆಂ.ಮೀ. ಮೇಲೆ ಬಿಟ್ಟು ಹೂಳಿ, ಹೊರಗೆ ಕಾಣುವ ಅಂಚಿನ ಸುತ್ತ ಕಲ್ಲಿನ ಚಪ್ಪಟೆ ಚೂರುಗಳನ್ನು ಸಿಮೆಂಟಿನಲ್ಲಿ ಅಂಟಿಸಿ. ಎರಡು ಸೆಂ.ಮೀ. ಅಂದರೆ ನಿಜ ಅಳತೆಯಲ್ಲಿ ಒಂದೂವರೆ ಅಡಿ, ಕೂರುವ ಕಟ್ಟೆಯ ಎತ್ತರ ಸರಿಯಾಗಿ ಅಷ್ಟೇ. ಮೇಲೆ ಎರಡು ಗೊಂಬೆ ಕೂರಿಸಿದರೆ ಅದು ಕುಂಡ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಫೈಕಸ್‌ನ ಹಾಲು ಹಳಿ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಕತ್ತರಿಸುವ ದಿನ ಹಳಿಗೆ ಹಳೇ ಪೇಪರ್ ಹೊದಿಸಿ, ಅಂಟು ಹಿಡಿದರೆ ಎಂಜಿನ್‌ಗೆ ಕರೆಂಟ್ ಸರಿಯಾಗಿ ಸಿಗುವುದಿಲ್ಲ.

ಮರಗಳ ನಡುವಿನ ನೆಲಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ಬಯಲೇ ಖಾಲಿ. ಕೆಂಪು ಮಣ್ಣು, ನಡುವೆ ಒಂದೆರಡು ದುಂಡು ಕಲ್ಲು ಒಂದರ ಮೇಲೊಂದು ಪೇರಿಸಿದರೆ ಆನೆಗೊಂದಿ ಕಡೆಯ ಗುಡ್ಡ ಕಣ್ಣ ಮುಂದೆ ಬರುತ್ತದೆ. ಹಳಿ ಪಕ್ಕದ ಕತ್ತಾಳೆಗೆ ಹಾವರ್ಥಿಯಾ ಅನ್ನುವ ಪುಟ್ಟ ಗಿಡ ಇಡಿ, ಐದು ಸೆಂ.ಮೀ. ಹಾವರ್ಥಿಯಾ ಅಂದರೆ ಮೂರೂವರೆ ಅಡಿಯ ಕತ್ತಾಳೆ, ಆಕಾರವೂ ಹಾಗೇ. ಅದಕ್ಕೆ ಒಂದು ಮರದ ನೆರಳು ಬೀಳುವ ಜಾಗ ಕೊಡಿ. ಗರಿಕೆ ಮಾತ್ರ ಹತ್ತಿರ ಸೇರಿಸಬೇಡಿ. ಒಮ್ಮೆ ಕಡಿಯೊಳಗೆ ಹೊಕ್ಕರೆ ಹಳಿ ಎತ್ತದೆ ತೆಗೆಯಲು ಆಗುವುದಿಲ್ಲ. ಕಡಿಗೆ ಎರಡು ಮೂರು ಮಿ.ಮೀ. ಕಲ್ಲು ಜರಡಿ ಹಿಡಿದು ಹಾಕಿ, ದೊಡ್ಡದು ಹಾಕಿದರೆ ಮರ ಎಷ್ಟು ಚೆನ್ನಾಗಿದ್ದರೂ ನೋಟ ಕೆಡುತ್ತದೆ.

ನೀರಿನ ಬಗ್ಗೆ ಕೊಪ್ಪಳ, ರಾಯಚೂರಿನವರಿಗೆ ಒತ್ತಿ ಹೇಳಬೇಕು. ಬೋರ್‌ವೆಲ್ ನೀರು ಸವಳಾಗಿದ್ದರೆ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಕಾರ್ಮೋನಾ ಮೊದಲು ಸೊರಗುವುದು ಇದಕ್ಕೇ. ಮಳೆ ನೀರು ಒಂದು ಡ್ರಮ್ ಹಿಡಿದಿಟ್ಟು ಅದಕ್ಕೆ ಮೀಸಲಿಡಿ. ಉಳಿದ ಕುಂಡಗಳಿಗೆ ತಿಂಗಳಿಗೊಮ್ಮೆ ತಳದಿಂದ ಹರಿದು ಹೋಗುವಷ್ಟು ನೀರು ಕೊಟ್ಟರೆ ಉಪ್ಪು ತೊಳೆದು ಹೋಗುತ್ತದೆ. ಬಿಳಿ ಹಿಟ್ಟಿನಂಥ ತಿಗಣೆ ಬಂದರೆ ಲೀಟರ್ ನೀರಿಗೆ ಐದು ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ, ಹಳಿ ಮುಚ್ಚಿಕೊಂಡು. ಎಣ್ಣೆ ಬಿದ್ದ ಹಳಿಯಲ್ಲಿ ಚಕ್ರ ಜಾರುತ್ತದೆ.

ಈಗ ಮಾರ್ಚ್. ಹೊಸ ಗಿಡ ನೆಡಲು, ಬೇರು ಕತ್ತರಿಸಲು ಇದು ಹೊತ್ತಲ್ಲ. ಬೇವಿನ ಸಸಿ, ಆಲದ ಸಸಿ ಕಿತ್ತು ಯಾವುದಾದರೂ ದೊಡ್ಡ ಜಾಗಕ್ಕೆ ಕೊಡಲು ಜೂನ್ ತನಕ ಕಾಯಿರಿ, ಅಲ್ಲಿಯವರೆಗೆ ಕೆಳಗಿನ ಟೊಂಗೆ ಮಾತ್ರ ತೆಗೆದು ಇಟ್ಟುಕೊಳ್ಳಿ. ಜೇಡ್ ಕಡ್ಡಿಗಳನ್ನು ಮಾತ್ರ ಈಗಲೇ ನೆರಳಲ್ಲಿ ಊರಬಹುದು. ಗುಂಡಿಗಳನ್ನು ತೋಡಿಡಿ, ಕುಂಡ ಕೊಂಡಿಡಿ, ರಟ್ಟಿನ ಚೌಕಟ್ಟು ಮಾಡಿ. ಮೊದಲ ಎರಡು ಮಳೆ ಬಿದ್ದ ಮೇಲೆ ಹುಣಸೆ ಸಸಿ ಹುಡುಕಿಕೊಂಡು ಹೊರಡಿ, ಒಂದಲ್ಲ, ಆರು ತನ್ನಿ. ತಾಯಿ ಬೇರು ಕತ್ತರಿಸಿದ ಮೇಲೆ ಒಂದೆರಡು ಹೋಗುತ್ತವೆ. ಉಳಿದವುಗಳಲ್ಲಿ ಬುಡ ಚೆನ್ನಾಗಿ ಬಂದದ್ದನ್ನು ನಿಮ್ಮ ತಂದೆಯ ಸ್ಟೇಷನ್ ಪಕ್ಕಕ್ಕೆ ಇಟ್ಟುಕೊಳ್ಳಿ. ಅವರು ಕೂರುತ್ತಿದ್ದದ್ದು ಬೇವಿನ ಕೆಳಗೆ ಆಗಿದ್ದರೆ ಅಲ್ಲಿಗೆ ಕಾರ್ಮೋನಾ. ಮರದ ಫೋಟೊ ಇದ್ದರೆ ಅದನ್ನೂ, ಈಗಿನ ಗಿಡಗಳ ಫೋಟೊವನ್ನೂ ಕಳಿಸಿ, ಯಾವ ಟೊಂಗೆ ಉಳಿಸಬೇಕು ಅಂತ ಗುರುತು ಹಾಕಿ ಕೊಡುತ್ತೇನೆ.